ಏಳನೇ ಸಾಲಿನ ಬೇರು

ಸೀಸೆಯ ಚೀಟಿಯ ಮೇಲೆ ಹೀಗೆ ಬರೆದಿದೆಯಂತೆ:
ಸಾಂಜೊವೇಸೆ. ಒಂದೇ ತಳಿ. ಬೆರಕೆಯಿಲ್ಲ.
ಓದಿ ಹೇಳಿದ್ದು ಚೀಟಿ ಅಂಟಿಸುವ ಹುಡುಗಿ ಶಾಹಿನಾ.
ನಾನು ನಕ್ಕೆ.
ಬೆರಕೆ ಮಾಡಿದವಳೇ ನಾನು.

ಹನ್ನೊಂದು ವರ್ಷದ ಹಿಂದೆ, ಪಿತೃಪಕ್ಷ,
ಯಾರ ಮದುವೆಗೂ ಮುಹೂರ್ತವಿಲ್ಲದ ದಿನಗಳು.
ಕಳವಾರ ಬೆಟ್ಟದ ಪಡುವಣ ಮಗ್ಗುಲಿಗೆ
ಒದ್ದೆ ಗೋಣಿಯಲ್ಲಿ ಸುತ್ತಿದ ಕಡ್ಡಿಗಳು ಬಂದವು,
ಬಾಣಂತಿ ಮನೆಯ ಕೂಸುಗಳ ಹಾಗೆ.
ಜೊತೆಗೊಬ್ಬ ಇಟಲಿಯವನು, ಬಿಸಿಲಿಗೆ ಮೂಗು ಸುಲಿದು,
ಹಿಡಿ ಮಣ್ಣೆತ್ತಿ ಮೂಸಿ
ಬಾಯಿಗೇ ಹಾಕಿಕೊಂಡ.
"ಬಸುರಿ ಹೆಂಗಸಿನ ಹಂಗೆ ತಿಂತಾನಲ್ಲೇ"
ಎಂದ ಗಂಗುಲಪ್ಪ ಮೇಸ್ತ್ರಿ.

ಬೇರು ಅಲ್ಲಿ ಮೊದಲೇ ಇಳಿದಿತ್ತು. ಡಾಗ್‌ರಿಡ್ಜ್.
ಬರಕ್ಕೂ ಉಪ್ಪುನೀರಿಗೂ ಜಗ್ಗದ ಕಾಡುಬಳ್ಳಿ.
ಅದೂ ಪರದೇಶದ್ದೇ, ಆದರೆ ನಮ್ಮ ಬಾಯಲ್ಲಿ
ಡಾಗ್ರೀಜು ಆಗಿ, ಊರವಳೇ ಆಗಿಹೋಗಿತ್ತು.
ಮೊಣಕಾಲೂರಿ, ತುಟಿಯಲ್ಲಿ ಬ್ಲೇಡು ಕಚ್ಚಿ,
ತಲೆ ಕೊಯ್ದ ಕಾಂಡವನ್ನು ನಡುವೆ ಸೀಳಿ
ಬೆಣೆಯಾಗಿ ಕೆತ್ತಿದ ಕಡ್ಡಿ ಇಳಿಸಿ,
ಹಸಿರು ಹಸಿರಿಗೆ ತಾಕಿದ್ದು ಉಗುರಿಗೆ ತಿಳಿದ ಮೇಲೆ
ಪಟ್ಟಿ ಸುತ್ತಿ ಬಿಗಿದೆ.
ದಿನಕ್ಕೆ ಇನ್ನೂರು. ಅಷ್ಟು ಗಂಟು
ಯಾವ ಪುರೋಹಿತ ಹಾಕಿಸಿದ್ದಾನೆ?
ಅದೂ ಪಿತೃಪಕ್ಷದಲ್ಲಿ?

ನಮ್ಮ ಮನೆಯಲ್ಲೂ ಹಾಗೆಯೇ.
ಅಮ್ಮನ ಬೈಗುಳ ತೆಲುಗು, ಶಾಲೆಯ ಮಗ್ಗಿ ಕನ್ನಡ,
ಮಂಡಿಯಲ್ಲಿ ರೇಟು ಕೂಗುವಾಗ ಉರ್ದು.
ಮೆಣಸಿನಕಾಯಿ ಕಚ್ಚಿದಾಗ ಯಾವುದು ಬರುತ್ತದೋ
ಅದೇ ನಿಜವಾದ ಭಾಷೆ ಅಂತಾರೆ.
ನನಗೆ ಬರುವುದು ಬರೀ ಕೆಮ್ಮು.

ಹೋದ ಕೊಯ್ಲಿಗೆ ರುಚಿ ನೋಡುವವರು ಬಂದರು.
ಗ್ಲಾಸು ವಾರೆ ಮಾಡಿ ಬಿಳಿ ಬಟ್ಟೆಯೆದುರು ಹಿಡಿದರು,
ಮೂಸಿದರು, ಬಾಯಿತುಂಬ ಮುಕ್ಕಳಿಸಿ
ಬಕೆಟ್ಟಿಗೆ ಉಗಿದರು.
ಬಕೆಟ್ಟು ಹಿಡಿದಿದ್ದವಳು ನಾನು.
ಚೆರ್ರಿ ಎಂದರು, ಹಳೇ ತೊಗಲು ಎಂದರು, ಬರೆದುಕೊಂಡರು.
ಒಬ್ಬಾಕೆ ಕಣ್ಣು ಮುಚ್ಚಿ "ಟಸ್ಕನಿ" ಅಂದಳು.
ಅದೂ ಒಂದು ಹಣ್ಣಿನ ಹೆಸರೆಂದು ತಿಳಿದೆ.

ಅವರು ಊಟಕ್ಕೆ ಹೋದಾಗ
ಸೀಸೆಯ ತಳದಲ್ಲಿ ಎರಡು ಗುಟುಕು ಉಳಿದಿತ್ತು.
ಅಪ್ಪನ ಸಾರಾಯಿ ವಾಸನೆ ನೆನಪಾಗಿ
ಒಮ್ಮೆ ಕೈ ಹಿಂದೆ ಬಂತು. ಆಮೇಲೆ ಕುಡಿದೆ.
ದೋರೆ ನೇರಳೆ ತಿಂದ ಹಾಗೆ
ನಾಲಿಗೆ ಒಗರಾಗಿ ಮಡಚಿಕೊಂಡಿತು.
ಹಿಂದೆಯೇ ಹುಳಿ. ಹುಳಿಯ ಬೆನ್ನಿಗೆ, ತುಸು ತಡವಾಗಿ,
ತುಟಿಯಲ್ಲಿ ಕಚ್ಚಿದ ಬ್ಲೇಡಿನ ಕಬ್ಬಿಣ.
ಅದನ್ನು ಯಾರೂ ಬರೆದುಕೊಂಡಿರಲಿಲ್ಲ.
ಶಾಹಿನಾ ಕೇಳಿದಳು: "ಹೆಂಗಿತ್ತಕ್ಕಾ?"
"ಚಳಿಗಾಲ ಇದ್ದಂಗಿತ್ತು" ಅಂದೆ.
ಯಾಕೆ ಹಾಗಂದೆನೋ ಗೊತ್ತಿಲ್ಲ.

ಬೇರು ಮಾತ್ರ ಸುಮ್ಮನಿರುವುದಿಲ್ಲ.
ಬಳ್ಳಿ ಸವರಿದಾಗಲೆಲ್ಲ ಗಂಟಿನ ಕೆಳಗಿಂದ
ತನ್ನದೇ ಒಂದು ಚಿಗುರು ತೂರಿಸುತ್ತದೆ.
"ಕಳ್ಳ ಚಿಗುರು, ಮುರಿಯಮ್ಮಾ" ಎನ್ನುತ್ತಾನೆ ಗಂಗುಲಪ್ಪ.
ಮುರಿಯುತ್ತೇನೆ. ಕೂಲಿ ಕೊಡುವುದೇ ಅದಕ್ಕೆ.

ಏಳನೇ ಸಾಲಿನ ಕೊನೆಯ ಕಲ್ಲುಕಂಬದ ಹಿಂದೆ
ಒಂದನ್ನು ಬಿಟ್ಟಿದ್ದೇನೆ. ಮೂರು ವರ್ಷವಾಯಿತು.
ಲಂಟಾನದೊಳಗೆ ನುಗ್ಗಿ, ಬಂಡೆ ಹತ್ತಿ
ಈ ಸಲ ಹಣ್ಣು ಬಿಟ್ಟಿದೆ,
ಕರಿಮೆಣಸಿಗಿಂತ ತುಸು ದಪ್ಪ, ಅಷ್ಟೇ ಕಪ್ಪು.
ತಿನ್ನಲಾಗುವುದಿಲ್ಲ, ತಿಂದು ನೋಡಿದ್ದೇನೆ.
ಪಿಕಳಾರಗಳಿಗೆ ಅಡ್ಡಿಯಿಲ್ಲ.
ಬಿಳಿ ಬಂಡೆಯ ಮೇಲೆಲ್ಲ
ನೇರಳೆ ಹಿಕ್ಕೆ ಹಾಕಿ
ಬೆಟ್ಟದ ಆಚೆ ಬದಿಗೆ ಹಾರುತ್ತವೆ.