ಚಿರಪರಿಚಿತರು

ಪತ್ರದ ಒಕ್ಕಣೆ ಒಂದೇ. ಹೆಸರು ಮಾತ್ರ ಬೇರೆ.
'ಈ ಪತ್ರ ತರುತ್ತಿರುವವರು ನನಗೆ ಚಿರಪರಿಚಿತರು.'
ಹದಿನಾಲ್ಕು ವರ್ಷ ಅದನ್ನೇ ಕುಟ್ಟಿದೆ ನಾನು,
ಶಿವಮೊಗ್ಗದ ದುರ್ಗಿಗುಡಿಯ ಬಾಡಿಗೆ ಕಚೇರಿಯಲ್ಲಿ,
'ಚ'ದ ತಲೆಕಟ್ಟು ಸವೆದುಹೋದ ಯಂತ್ರದ ಮೇಲೆ.

ಕೆರಿಯಪ್ಪನವರು ಓದದೆ ಸಹಿ ಹಾಕುತ್ತಿದ್ದರು,
ಬಂದವರ ಮುಖ ಮಾತ್ರ ಓದಿ.
ಟ್ರಾನ್ಸ್‌ಫಾರ್ಮರ್ ಸುಟ್ಟ ಊರಿನ ಏಳು ಜನ,
ಮೆಗ್ಗಾನ್ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ಬಾಣಂತಿಯ ತಮ್ಮ,
ವರ್ಗ ಬೇಕೆಂದ ಮೇಷ್ಟ್ರು;
ಆರು ತಿಂಗಳಿಗೆ, ವರ್ಗ ಬೇಡವೆಂದ ಅದೇ ಮೇಷ್ಟ್ರು.

ಮೂರು ಅವಧಿಯಲ್ಲಿ ಸದನದಲ್ಲಿ ಅವರು ಎದ್ದದ್ದು
ನನ್ನ ಲೆಕ್ಕಕ್ಕೆ ಹನ್ನೊಂದು ಸಲ.
ಒಂಬತ್ತು ಸಲ ಒಂದೇ ಪ್ರಶ್ನೆ:
ಹಿನ್ನೀರಿಗೆ ಲಾಂಚು ಕೊಟ್ಟಿರಿ, ಸರಿ, ಸೇತುವೆ ಯಾವಾಗ?
ಉತ್ತರ: ಪರಿಶೀಲನೆಯಲ್ಲಿದೆ.
'ಪರಿಶೀಲನೆ ಅಂತ ಒಂದು ಊರಿದ್ದಿದ್ದರೆ
ಅಲ್ಲಿಗೇ ಹೋಗಿ ಕೂರ್ತಿದ್ದೆ ಮಾರಾಯ' ಅಂದರು ಒಮ್ಮೆ,
ಮಂಡಗದ್ದೆಯ ಹತ್ತಿರ ಜೀಪು ಕೆಟ್ಟು,
ಬಾನೆಟ್ಟಿನ ಮೇಲೆ ಕೂತು ಕಡಲೆ ಬಿಡಿಸುತ್ತ.

ಒಮ್ಮೆ ಸೋತರು. ಗೆದ್ದವನ ಮೆರವಣಿಗೆಗೆ ದಾರಿ ಬಿಟ್ಟು ನಿಂತು
ಗುಲಾಲು ಬಳಿಸಿಕೊಂಡೇ ಮನೆಗೆ ಬಂದರು.
ಸೋಲಿಗೆ ಮುಂದಿನ ಸಲ ಅಂತ ಒಂದಿರುತ್ತದೆ.

ಇದು ಸೋಲಲ್ಲ.
ಆಯೋಗದವರು ತಲೆ ಎಣಿಸಿದರು, ಕಡಿಮೆ ಬಿತ್ತು.
ಮುಳುಗಡೆಯಲ್ಲಿ ಎದ್ದು ಹೋದವರನ್ನು
ಯಾವ ಕಾಲಮ್ಮಿನಲ್ಲಿ ಬರೆಯಬೇಕಿತ್ತು?
ನಕ್ಷೆಯ ಮೇಲೆ ಒಂದು ಗೆರೆ.
ಎರಡು ಹೋಬಳಿ ಆಚೆಗೆ, ಒಂದು ಈಚೆಗೆ,
ಕ್ಷೇತ್ರವೇ ಇಲ್ಲ.
ಲೆಟರ್‌ಹೆಡ್ಡಿನ ನಾಲ್ಕು ಕಟ್ಟು, ಒಳ್ಳೆಯ ಭದ್ರಾವತಿ ಕಾಗದ,
ಇನ್ನೂ ಒಡೆದಿರಲಿಲ್ಲ.
ಬೆನ್ನ ಬದಿಯಲ್ಲಿ ಮೊಮ್ಮಗಳು ಹದಿನೇಳರ ಮಗ್ಗಿ ಬರೆದಳು.

ಮೊನ್ನೆ ಬಸ್ಸಿನಲ್ಲಿ ಸಿಕ್ಕರು. ಮಾಜಿಯ ಪಾಸು ತೋರಿಸಿದರು.
ಕಂಡಕ್ಟರ್ ಹುಡುಗ ತಿರುಗಿಸಿ ನೋಡಿ
'ಇದ್ಯಾವ ಕ್ಷೇತ್ರ ಯಜಮಾನ್ರೇ, ಕೇಳಿದ್ದೇ ಇಲ್ಲ' ಅಂದ.
ಕುಹಕವಿರಲಿಲ್ಲ. ನಿಜಕ್ಕೂ ಕೇಳಿರಲಿಲ್ಲ.
ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು ಆ ವಾಕ್ಯ,
ಇವರು ನನಗೆ ಚಿರ...
ಅಷ್ಟರಲ್ಲಿ ಅವರು ಜೇಬಲ್ಲಿ ಚಿಲ್ಲರೆ ಹುಡುಕುತ್ತಿದ್ದರು.
'ರಿಪ್ಪನ್‌ಪೇಟೆಗೆ ಒಂದು ಕೊಡಪ್ಪ.
ಯಾವೂರು ನಿಂದು? ಈ ರೂಟಿಗೆ ಹಾಕಿ ಎಷ್ಟು ದಿನ ಆಯ್ತು?
ಉಳಿಯೋಕೆ ಮನೆ ಸಿಕ್ತಾ?'