ಏಣಿ ಹಾಕಿ ಕೊಡುತ್ತೇನೆ

ಗುತ್ತಲು ರಸ್ತೆಯ ನನ್ನ ಅಂಗಡಿಗೆ
ಆ ಹುಡುಗ ಬಂದದ್ದು ಟೇಪು ಹಿಡಿದು.
ಕಂಪನಿಯ ಟೈ, ಕಂಕುಳಲ್ಲಿ ಬೆವರು.
ಕುಕ್ಕರುಗಾಲಲ್ಲಿ ಕೂತು ನೆಲದಿಂದ ಅಳೆದ:
ಎರಡೂಮುಕ್ಕಾಲು ಅಡಿ.
"ಇಲ್ಲಿಗೆ ಬರುತ್ತೆ ಸಾರ್, ಮಗುವಿನ ಕಣ್ಣು."
ಸ್ಟ್ಯಾಂಡು ಪುಕ್ಕಟೆ, ಅದರ ಬಣ್ಣ ಪುಕ್ಕಟೆ,
ತುದಿಯಲ್ಲಿ ನನ್ನ ಹೆಸರೂ ಬರೆಸಿಕೊಟ್ಟ,
ಚಲುವರಾಜು ಪ್ರಾವಿಜನ್ ಸ್ಟೋರ್ಸ್,
ಕಂಪನಿಯ ಹೆಸರಿನ ಕಾಲುಭಾಗದ ಅಕ್ಷರದಲ್ಲಿ.

ಒಂಬತ್ತು ವರ್ಷ
ಗಾಳಿ ತುಂಬಿದ ಪೊಟ್ಟಣ ನೇತುಹಾಕಿ
ಗಾಳಿಯನ್ನೇ ಮಾರಿದೆ.
ಒಂದನ್ನು ನನ್ನ ಹಳೇ ತಕ್ಕಡಿಯಲ್ಲಿಟ್ಟರೆ
ಮುಳ್ಳು ಮಿಸುಕುವುದಿಲ್ಲ.

ಹನಕೆರೆಯ ಕೆಂಪಾಜಮ್ಮ
ಮೊದಲ ಬಸ್ಸಿಗೆ ಕುಕ್ಕೆ ಹೊತ್ತು ಬರುವವಳು.
ದಂಟು, ಕೀರೆ, ಕಿರ್ಕಸಾಲೆ,
ಗದ್ದೆ ಬದುವಿನ ಹೊನಗೊನ್ನೆ.
ಹನ್ನೊಂದು ಗಂಟೆಯ ಮೇಲೆ
ನನ್ನ ಮೆಟ್ಟಿಲ ನೆರಳು ಅವಳದು.
ಉಳಿದ ಕಟ್ಟಿಗೆ ನೀರು ಚಿಮುಕಿಸಿ
ಸೆರಗಿನ ಗಂಟು ಬಿಚ್ಚುತ್ತಾಳೆ:
"ಅಣ್ಣಯ್ಯ, ಮೊಮ್ಮಗಂಗೆ ಆ ನೂಡಲ್ಸು ನಾಕು ಕೊಡು.
ಸೊಪ್ಪು ಕಂಡ್ರೆ ತಟ್ಟೆ ಬುಟ್ಟು ಓಡೋಯ್ತದೆ ಮುಂಡೇದು."
ಕೊಟ್ಟೆ. ಕಾಸು ಎಣಿಸಿ ಗಲ್ಲಾಕ್ಕೆ ಹಾಕಿದೆ.
ಬೆಳಿಗ್ಗೆ ಹಸಿರಾಗಿ ಇಳಿದ ಆರು ಕಟ್ಟು
ಮಧ್ಯಾಹ್ನದ ಬಸ್ಸಿಗೆ
ಸರಸರ ಸದ್ದು ಮಾಡುತ್ತಾ ವಾಪಸು ಹತ್ತಿತು.

ಜ್ಞಾನೋದಯ ಗೀನೋದಯ ಏನೂ ಆಗಲಿಲ್ಲ.
ಸ್ಟ್ಯಾಂಡಿನ ಒಂದು ಸ್ಕ್ರೂ ಸಡಿಲವಾಗಿತ್ತು,
ಬಿಗಿ ಮಾಡಲು ಕೂತವನು
ಎಲ್ಲವನ್ನೂ ಬಿಚ್ಚಿಬಿಟ್ಟೆ.

ಅದೇ ಎರಡೂಮುಕ್ಕಾಲು ಅಡಿಗೆ
ಒಂದು ಹಲಗೆ ಹೊಡೆದೆ.
ಬೇಯಿಸಿದ ಗೆಣಸು, ಕಡ್ಲೆಕಾಯಿ, ಸೀಬೆಹಣ್ಣು.
ದೊಡ್ಡವರ ಕಣ್ಣಿಗೆ ರಾಗಿ, ಹುರುಳಿ, ಅಲಸಂದೆ.
ಚಿಲ್ಲರೆಗೆ ಕೈಚಾಚುವ ಜಾಗದಲ್ಲಿ,
ಒದ್ದೆ ಗೋಣಿಯ ಮೇಲೆ, ಕೆಂಪಾಜಮ್ಮನ ಸೊಪ್ಪು.
ಪೊಟ್ಟಣಗಳೆಲ್ಲ ಅಟ್ಟಕ್ಕೆ.

ಕೇಳಿದವರಿಗೆ ಇಲ್ಲ ಎಂದಿಲ್ಲ ನಾನು.
"ಐತೆ ಕಣವ್ವ, ಏಣಿ ಹಾಕಿ ಕೊಡ್ತೀನಿ, ವಸಿ ತಡಿ."
ಏಣಿ ಹಿಂದೆ, ಅಕ್ಕಿ ಮೂಟೆಯ ಆಚೆ.
ಮೂರನೇ ಮೆಟ್ಟಿಲು ಮುರಿದದ್ದು,
ನನ್ನ ಮಂಡಿಯೂ ಸುಮಾರು ಹಾಗೆಯೇ.
ಆ ಐದು ನಿಮಿಷ
ಜನ ಸುಮ್ಮನೆ ನಿಲ್ಲುತ್ತಾರೆ.
ಸುಮ್ಮನೆ ನಿಂತ ಕೈ ಕಡ್ಲೆಕಾಯಿ ಸುಲಿಯುತ್ತದೆ.
ಸುಮ್ಮನೆ ನಿಂತ ಬಾಯಿ ಕೇಳುತ್ತದೆ:
"ಹುರುಳಿ ರಾತ್ರಿಯೇ ನೆನೆಹಾಕಬೇಕಾ?"
ಹೂಂ ತಾಯಿ, ನೆನೆಸಿ ಬಟ್ಟೆಯಲ್ಲಿ ಕಟ್ಟಿ,
ಮೊಳಕೆ ಬಂದ ಮೇಲೆ ಬೇಯಿಸಿ ಬಸಿಯಿರಿ.
ಬಸಿದ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ,
ಒಂದೇ ಒಲೆ, ಎರಡು ಊಟ.
ಏಣಿಯ ಮಾತು ಅಲ್ಲಿಗೆ ಬಿಟ್ಟುಹೋಗುತ್ತದೆ,
ಕೆಲವು ಸಲ.

ಕೆಲವು ಸಲ ಬೈದುಕೊಂಡು
ಎದುರಿನ ಎ.ಸಿ. ಮಾರ್ಟಿಗೆ ಹೋಗುತ್ತಾರೆ.
ಅಲ್ಲಿ ಏಣಿಯಿಲ್ಲ.
ಮೊದಲ ತಿಂಗಳ ಲೆಕ್ಕ ನೋಡಿ
ಮಹದೇವಿ ಪುಸ್ತಕ ಮುಚ್ಚಿಟ್ಟಳು, ಏನೂ ಅನ್ನದೆ.
ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ದಸರಾ ರಜೆಯಲ್ಲಿ ಅಜ್ಜಿಯ ಸೆರಗು ಹಿಡಿದು
ಆ ಮೊಮ್ಮಗ ಬಂದ.
ಹುಡುಗ ಅಳೆದದ್ದು ಸುಳ್ಳಲ್ಲ:
ಹಲಗೆಗೂ ಕಣ್ಣಿಗೂ ಒಂದು ಬೆರಳೂ ವ್ಯತ್ಯಾಸವಿಲ್ಲ.
ಸೀಬೆಹಣ್ಣೊಂದನ್ನು ಕಚ್ಚಿದ,
ಮುಖ ಸಿಂಡರಿಸಿದ,
ಹಲ್ಲಿನ ಗುರುತಿನ ಸಮೇತ ವಾಪಸಿಟ್ಟ.
ನಾವಿಬ್ಬರೂ ಮಾತಾಡುತ್ತಾ ಆಚೆ ತಿರುಗಿದಾಗ
ಅದನ್ನೇ ಮತ್ತೆ ಎತ್ತಿಕೊಂಡ.
ನಾನು ನೋಡಲಿಲ್ಲ. ನೋಡಿದರೆ ಬಿಡುತ್ತಿದ್ದ.

ಫ್ಯಾಕ್ಟರಿ ಕಬ್ಬು ಅರೆಯುವ ದಿನಗಳಲ್ಲಿ
ಊರಿಗೆ ಊರೇ ಕಾಕಂಬಿ ವಾಸನೆ.
ನನ್ನ ರಕ್ತವೂ ಈ ಊರಿನದೇ ಎಂದು
ಲ್ಯಾಬಿನ ಚೀಟಿ ಹೇಳುತ್ತದೆ.
ಮೊನ್ನೆ ರಾತ್ರಿ ಬಾಗಿಲು ಎಳೆದ ಮೇಲೆ
ಲೈಟು ಹಾಕದೆ, ಸದ್ದಿಲ್ಲದೆ
ಕ್ರೀಂ ಬಿಸ್ಕತ್ತಿಗೆ ಅಟ್ಟ ತಡಕುತ್ತಿದ್ದೆ.
ಮುರಿದ ಮೆಟ್ಟಿಲು ಮರೆತು ಕಾಲು ಜಾರಿತು,
ಏಣಿ ಅಲುಗಲಿಲ್ಲ.
ಕೆಳಗೆ ಕತ್ತಲಲ್ಲಿ ಮಹದೇವಿ,
ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದು:
"ನಿಧಾನ. ನಾನೇನೂ ಬೇಡ ಅಂದಿಲ್ಲ.
ಅಲ್ಲೇ ಇನ್ನೂ ವಸಿ ಹೊತ್ತು ನಿಂತಿರಿ."