ಮಂಗಳವಾರ, ನಾಲ್ಕನೆಯ ಮಹಡಿ

ರೊಸಾರಿಯೊ ಊರಿನಲ್ಲಿ, ಪರಾನಾ ಹೊಳೆಯ ದಂಡೆಯಲ್ಲಿ
ನೊಯೆಮಿ ಸಬಾಲಾ ಹಗಲೆಲ್ಲ ಕೇಳುತ್ತಾಳೆ.
ಕುರ್ಚಿ ಅವಳದು, ಗಡಿಯಾರ ಅವಳದು,
ಬಾಗಿಲ ಚಿಲಕವೂ ಅವಳದೇ.
ಮಂಗಳವಾರ ಸಂಜೆ ಆರಕ್ಕೆ ಮಾತ್ರ
ಕಬ್ಬಿಣದ ಜಾಲರಿಯ ಲಿಫ್ಟಿನಲ್ಲಿ ಗಡಗಡ ಏರಿ
ಇನ್ನೊಬ್ಬಳ ದಿವಾನಕ್ಕೆ ಬೆನ್ನು ಕೊಡುತ್ತಾಳೆ.

"ನಿನಗೇಕೆ ಬೇಕು ಇದು?" ಫೋನಿನಲ್ಲಿ ಅಕ್ಕ,
"ಮೀನು ಮಾರುವವಳೇ ಮೀನು ಕೊಂಡ ಹಾಗಾಯಿತು!"
ನೊಯೆಮಿ ನಗುತ್ತಾಳೆ. ತನ್ನ ಬೆನ್ನು ತನಗೆ ಕಾಣದು
ಎಂದು ಹೇಳಹೋಗುವುದಿಲ್ಲ,
ಅಕ್ಕನಿಗೆ ಪಾಠ ಸೇರದು.

ಮೊದಲ ವರ್ಷ ಅಲ್ಲಿ ಮಲಗಿದ್ದವಳು ರೋಗಿಯಲ್ಲ,
ಪರೀಕ್ಷಕಿ.
ತಲೆಯ ಹಿಂದೆ ಮುದುಕಿ ಡೆಲ್ಫೀನಾ ಕೆಮ್ಮಿದರೆ ಅದಕ್ಕೊಂದು ಸಿದ್ಧಾಂತ,
ಕೆಮ್ಮದಿದ್ದರೆ ಅಡಿಟಿಪ್ಪಣಿ.
ಕನಸುಗಳನ್ನು ಇಸ್ತ್ರಿ ಮಾಡಿ ತರುತ್ತಿದ್ದಳು,
ಅರ್ಥ ಕಿಸೆಯಲ್ಲಿ ಮಡಚಿಟ್ಟು.
ಒಮ್ಮೆ ಡೆಲ್ಫೀನಾ ಕೇಳಿದಳು:
"ಇದು ನಿದ್ದೆಯಲ್ಲಿ ಬಿದ್ದದ್ದೋ, ಬಸ್ಸಿನಲ್ಲಿ ಹೊಲಿದದ್ದೋ?"
ಆ ಸಂಜೆ ಎಣಿಕೆ ತಪ್ಪಿ
ಎರಡು ನೋಟು ಹೆಚ್ಚು ಕೊಟ್ಟು ಬಂದಳು.

ಎರಡನೆಯ ವರ್ಷ, ಜುಲೈಯ ಚಳಿ,
ಇಬ್ಬರೂ ಮಾತಾಡಲಿಲ್ಲ. ಹನ್ನೊಂದು ನಿಮಿಷ.
ಕೆಳಗೆ ಯಾರೋ ಅಂಗಡಿಯ ಶಟರು ಎಳೆದರು.
ಕಾಲ್ಬೆರಳು ಬಿಗಿದವು, ನಾಲಗೆ ತಾನಾಗಿ ಓಡಿತು:
ಹವೆ, ಮಾಂಸದ ಬೆಲೆ, ನೆಗಡಿ, ಏನಾದರೊಂದು.
ಆಮೇಲೆ, ಲಿಫ್ಟಿನಲ್ಲಿ ಇಳಿಯುವಾಗ, ನೆನಪಾಯಿತು.
ಅಪ್ಪನ ಮನೆಯಲ್ಲಿ ಸದ್ದಿಲ್ಲವೆಂದರೆ
ಇನ್ನೇನು ತಟ್ಟೆ ಒಡೆಯುತ್ತದೆ.
ಆರು ವರ್ಷದ ಹುಡುಗಿ ಮಾತು ಪೇರಿಸಿ ಪೇರಿಸಿ
ತಟ್ಟೆ ಕಾಯುತ್ತಿದ್ದಳು.

ಹಾಗಾದರೆ ಈ ಹದಿನಾಲ್ಕು ವರ್ಷ
ಅವರಿವರ ಮೌನಕ್ಕೆ ತಾನು ತುರುಕಿದ
ಒಳ್ಳೊಳ್ಳೆಯ ಪ್ರಶ್ನೆಗಳು?
ಹುಂ.

ಎಲ್ಲ ಒಳಿತೇ ಆಯಿತೆಂದಲ್ಲ.
ಆ ತಿಂಗಳು ದನಿ ಏರಿಸಿದ ಗಂಡಸರೆಲ್ಲ ಅಪ್ಪನೇ.
ಬೇಕರಿಯ ಹುಡುಗ ತಾದೆಯೊನನ್ನು
ಐದು ನಿಮಿಷ ಮೊದಲೇ ಎಬ್ಬಿಸಿ ಕಳಿಸಿದಳು,
ಮುಂದಿನ ವಾರ ತಪ್ಪಾಯಿತು ಎಂದಳು.
ಅವನು ಕಕ್ಕಾಬಿಕ್ಕಿ: "ನನಗೆ ತಿಳಿಯಲೇ ಇಲ್ಲವಲ್ಲ!"
ಐದು ನಿಮಿಷ ಎಷ್ಟು ಉದ್ದವೆಂದು
ನಾಲ್ಕನೆಯ ಮಹಡಿಯಲ್ಲಿ ಮಲಗಿ ಬಂದವಳಿಗೆ ಗೊತ್ತು.

ಕಾಗದದ ಕರವಸ್ತ್ರದ ಡಬ್ಬಿ ಈಗ
ಅವಳ ಮೇಜು ಬಿಟ್ಟು ಅವರ ಕೈಯಳತೆಗೆ ಬಂದಿದೆ.
ಮೂಗು ಸೋರುವಾಗ ಬೇಡಿ ಪಡೆಯುವುದು
ಅವಳಿಗಾದ ಅನುಭವ.
ಫೆಬ್ರವರಿಯ ರಜೆಯನ್ನು ನವೆಂಬರಿನಲ್ಲೇ ಹೇಳುತ್ತಾಳೆ.
ಡೆಲ್ಫೀನಾ ವಾರ ಮುಂಚೆ ಹೇಳಿದ ದಿನ
ಬಸ್ಸು ಹತ್ತದೆ, ಮೂವತ್ತು ಬೀದಿ ನಡೆದೇ ಮನೆ ಸೇರಿದ್ದಳು,
ಕೋಪ ಯಾರ ಮೇಲೆಂದು ಗೊತ್ತಾಗದೆ.

ಬುಧವಾರ ಹತ್ತಕ್ಕೆ ಇರಿನೆಯೊ.
ಹೊಳೆಯ ಹೂಳೆತ್ತುವ ದೋಣಿಯಲ್ಲಿ ಮೂವತ್ತೊಂದು ವರ್ಷ ದುಡಿದವನು.
ಮೊಣಕಾಲ ಮೇಲೆ ಟೋಪಿ. ಮಾತಿಲ್ಲ.
ನಾಲ್ಕು ನಿಮಿಷ. ಏಳು.
ಶೂಸಿನೊಳಗೆ ನೊಯೆಮಿಯ ಕಾಲ್ಬೆರಳು ಬಿಗಿಯುತ್ತವೆ.
"ಬಂದೆಯಾ?" ಎನ್ನುತ್ತಾಳೆ ಒಳಗೇ ಆ ಹುಡುಗಿಗೆ,
"ಬಾ, ಕೂತುಕೋ. ಇದು ಬೇರೆಯವರ ಮನೆ."

ಒಂಬತ್ತನೆಯ ನಿಮಿಷಕ್ಕೆ ಇರಿನೆಯೊ ಟೋಪಿ ತಿರುಗಿಸಿ
"ರಾತ್ರಿಯಿಡೀ ಎತ್ತಿದರೂ," ಎಂದ,
"ಬೆಳಗಾದರೆ ಮರಳು ಮತ್ತೆ ಅಷ್ಟೇ."
ಹೊಳೆಯ ಮಾತೋ ಬೇರೆಯದೋ,
ಅವಳು ಕೇಳಲಿಲ್ಲ.
ಮೇಜಿನ ಮೇಲೆ ಎರಡು ಬಿಸ್ಕತ್ತಿನ ತಟ್ಟೆ
ಹಾಗೇ ಇತ್ತು.